ಮೋಲ್ಡ್‌ಗೆ ಕೆಮಿಕಲ್ ಹಾಕಿದರೆ ಕಾಂಕ್ರೀಟ್ ನಿಜವಾಗ್ಲೂ ಗಟ್ಟಿಯಾಗುತ್ತಾ?

ತಾರಸಿ ಮೋಲ್ಡ್ ಹಾಕುವ ದಿನ ಕಾಂಕ್ರೀಟಿಗೆ ಕೆಮಿಕಲ್ (ಪ್ಲಾಸ್ಟಿಸೈಸರ್) ಹಾಕಲೇಬೇಕು ಅಂತ ಮೇಸ್ತ್ರಿ ಹೇಳುತ್ತಿದ್ದಾರೆ, ಸುಮ್ನೆ ಖರ್ಚಾ ಅಂತ ಕೇಳಿದ್ದೀರಿ. ಸುಮ್ನೆ ಖರ್ಚಲ್ಲ. ಆದರೆ ಜೊತೆಗೆ ನೀರು ಕಡಿಮೆ ಮಾಡದಿದ್ದರೆ ಅದರ ಅರ್ಧ ಲಾಭವೂ ಸಿಗಲ್ಲ.

50 ಕೆಜಿ ಮೂಟೆ ಸಿಮೆಂಟ್ ರಾಸಾಯನಿಕವಾಗಿ ಹೀರಿಕೊಳ್ಳುವುದು ಸುಮಾರು 12 ಲೀಟರ್ ನೀರು. ಸೈಟಿನಲ್ಲಿ ಎಷ್ಟೋ ಕಡೆ 30 ಲೀಟರ್ ಸುರಿಯುತ್ತಾರೆ. ಕಂಬಿ ಸಂದಿಗೆ ಸಲೀಸಾಗಿ ಇಳಿಯಬೇಕಲ್ವಾ? ಜಾಸ್ತಿಯಾದ ನೀರು ಆಮೇಲೆ ಆರಿ ಹೋಗುತ್ತದೆ, ಅದಿದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ತೇವ ಇಳಿಯುವುದು, ಕಂಬಿ ತುಕ್ಕು ಹಿಡಿಯುವುದು ಅಲ್ಲಿಂದಲೇ.

ಬಿಸಿನೀರಿಗೆ ಒಮ್ಮೆಲೇ ರಾಗಿ ಹಿಟ್ಟು ಸುರಿದರೆ ಗಂಟು ಕಟ್ಟುತ್ತದಲ್ಲ, ಸಿಮೆಂಟೂ ಹಾಗೆಯೇ. ಅದರ ಗಂಟುಗಳ ಒಳಗೆ ನೀರು ಸಿಕ್ಕಿಕೊಂಡು ಕೆಲಸಕ್ಕೆ ಬರದೆ ಹೋಗುತ್ತದೆ. ಪ್ಲಾಸ್ಟಿಸೈಸರ್ ಸಿಮೆಂಟ್ ಕಣಗಳಿಗೆ ಅಂಟಿಕೊಂಡು ಒಂದನ್ನೊಂದು ದೂರ ತಳ್ಳುತ್ತದೆ, ಗಂಟು ಬಿಚ್ಚುತ್ತದೆ. ಹಾಗಾಗಿ ಕಡಿಮೆ ನೀರಲ್ಲೇ ಕಾಂಕ್ರೀಟ್ ಅಷ್ಟೇ ಸಲೀಸಾಗಿ ಹರಿಯುತ್ತದೆ. ಸಾಧಾರಣ ಪ್ಲಾಸ್ಟಿಸೈಸರ್ 5ರಿಂದ 10 ಪರ್ಸೆಂಟ್ ನೀರು ಉಳಿಸುತ್ತದೆ, ಅದಕ್ಕಿಂತ ಜೋರಾದ ಸೂಪರ್ ಪ್ಲಾಸ್ಟಿಸೈಸರ್ 20 ದಾಟುವುದೂ ಉಂಟು.

ಅಳತೆ ಮಾತ್ರ ಕ್ಯಾನ್ ಮೇಲೆ ಬರೆದಷ್ಟೇ. ನಾನು ಹೊಸದಾಗಿ ಸೈಟಿಗೆ ಸೇರಿದ್ದಾಗ ಒಬ್ಬ ಹುಡುಗ ಮಗ್ಗಿನಲ್ಲಿ ಅಂದಾಜಿಗೆ ಸುರಿದಿದ್ದ. ನಾನೂ ನೋಡಿ ಸುಮ್ಮನಿದ್ದೆ. ಮಾರನೇ ದಿನ ಬೆಳಿಗ್ಗೆ ಸ್ಲ್ಯಾಬ್ ಮೇಲೆ ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು! ಡೋಸ್ ಜಾಸ್ತಿಯಾದರೆ ಸೆಟ್ ಆಗುವುದು ಹೀಗೆ ತಡವಾಗುತ್ತದೆ. ಕೊನೆಗೆ ಗಟ್ಟಿಯಾಯಿತು, ಆದರೆ ಸೆಂಟ್ರಿಂಗ್ ಬಿಚ್ಚಲು ಧೈರ್ಯ ಬಂದಿದ್ದು ಎಷ್ಟೋ ದಿನದ ಮೇಲೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸೂಪರ್ ಪ್ಲಾಸ್ಟಿಸೈಸರ್ ಸಾಮಾನ್ಯವಾಗಿ ಸಿಮೆಂಟಿನ ತೂಕದ 2 ಪರ್ಸೆಂಟ್ ಮೀರಬಾರದು.

ರೆಡಿಮಿಕ್ಸ್ ತರಿಸುವುದಾದರೆ ಕೆಮಿಕಲ್ ಸಾಮಾನ್ಯವಾಗಿ ಪ್ಲಾಂಟಿನಲ್ಲೇ ಬಿದ್ದಿರುತ್ತದೆ. ಲಾರಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತರೂ ಕಾಂಕ್ರೀಟ್ ಬಿಗಿಯದಿರಲಿ ಅಂತ ಸೆಟ್ ಆಗುವುದನ್ನು ತಡಮಾಡುವ ರಿಟಾರ್ಡರ್ ಕೂಡ ಹಾಕಿರುತ್ತಾರೆ. ಮನೆ ಮುಂದೆ ಬಂದ ಮೇಲೆ ಲಾರಿಯ ಡ್ರಮ್ಮಿಗೆ ನೀರಿನ ಪೈಪ್ ಬಿಡಲು ಯಾರಿಗೂ ಬಿಡಬೇಡಿ.

ಬೇಗ ಸೆಟ್ ಆಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಇರುವುದನ್ನು ಕೊಟ್ಟರೆ ಬೇಡ ಅನ್ನಿ, ಕಂಬಿ ತಿನ್ನುತ್ತದೆ. ಇನ್ನು ಕ್ಯೂರಿಂಗ್. ಕೆಮಿಕಲ್ ಹಾಕಿದ್ದೇವಲ್ಲ ಅಂತ ಅದನ್ನು ಬಿಡುವ ಹಾಗಿಲ್ಲ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದರೆ ಕನಿಷ್ಠ 10 ದಿನ ನೀರು ನಿಲ್ಲಿಸಿ.