ರಾಜ್‌ಕುಮಾರ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ನಿಜವೇ? ಅವರು ಹಾಡಲು ಶುರು ಮಾಡಿದ್ದು ಯಾವಾಗ?

ನಿಜ. 1992ರ 'ಜೀವನ ಚೈತ್ರ'ದ 'ನಾದಮಯ ಈ ಲೋಕವೆಲ್ಲಾ' ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ಉಪೇಂದ್ರ ಕುಮಾರ್ ಅವರದು, ಸಾಹಿತ್ಯ ಚಿ. ಉದಯಶಂಕರ್ ಅವರದು.

1974ರ 'ಸಂಪತ್ತಿಗೆ ಸವಾಲ್' ಚಿತ್ರದ 'ಯಾರೇ ಕೂಗಾಡಲಿ' ಅವರ ಮೊದಲ ಹಾಡು ಅಂತ ಎಷ್ಟೋ ಜನ ಬರೆಯುತ್ತಾರೆ, ಅದು ತಪ್ಪು. 1956ರ 'ಓಹಿಲೇಶ್ವರ'ದಲ್ಲೇ ಅವರ ದನಿ ಇದೆ. ಆಮೇಲೆ ಬಹುಕಾಲ ಅವರ ಪಾತ್ರಗಳಿಗೆ ಪಿ.ಬಿ. ಶ್ರೀನಿವಾಸ್ ಹಾಡಿದರು, ಆ ಎರಡು ದನಿಗಳು ಎಷ್ಟು ಹೊಂದಿಕೊಂಡಿದ್ದವೆಂದರೆ ಬದಲಾವಣೆಯ ಅಗತ್ಯವೇ ಯಾರಿಗೂ ಕಾಣಲಿಲ್ಲ. 1974ರ ನಂತರ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡಿದರು.

ಈ ಕಂಠದ ಬೇರು ಇರುವುದು ರಂಗಭೂಮಿಯಲ್ಲಿ. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ್ (ರಾಜ್‌ಕುಮಾರ್ ಅವರ ಮೂಲ ಹೆಸರು), ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆಯೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಕಂಪನಿ ನಾಟಕದಲ್ಲಿ ಮಾತು, ಹಾಡು ಎರಡೂ ನಟನದೇ ಜವಾಬ್ದಾರಿ. ಕೊನೆಯ ಸಾಲಿನವನಿಗೂ ಅಕ್ಷರ ಕೇಳಬೇಕು. 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕನಾದಾಗ ಈ ತರಬೇತಿ ಬೆನ್ನಿಗಿತ್ತು.

ಕೇಳಿ ನೋಡಬೇಕೆಂದರೆ 'ಯಾರೇ ಕೂಗಾಡಲಿ'ಯಲ್ಲಿ ವ್ಯಂಜನಗಳನ್ನು ಗಮನಿಸಿ: ಲಯ ಎಷ್ಟು ಓಡಿದರೂ ಒಂದಕ್ಷರವೂ ನುಂಗಿಹೋಗುವುದಿಲ್ಲ. 'ನಾದಮಯ' ಶಾಸ್ತ್ರೀಯ ಧಾಟಿಯದು; ಅಲ್ಲಿ ಆಲಾಪ, ಸ್ವರಗಳ ಮೇಲೆ ಕಿವಿಯಿಡಿ.