ಸ್ಕ್ಯಾನಿಂಗ್ ಪರದೆಯಲ್ಲಿ ಕಾಣುವ ‘ಟಿಐಬಿ 0.6’ ಎಂದರೆ ಭ್ರೂಣ 0.6 ಡಿಗ್ರಿ ಬಿಸಿಯಾಯಿತೆಂದು ಅರ್ಥವೇ?

ಗರ್ಭಿಣಿಯ ಸ್ಕ್ಯಾನಿಂಗ್ ನಡೆಯುವಾಗ ಪರದೆಯ ಮೂಲೆಯಲ್ಲಿ ಕಂಡ ಈ ಅಂಕಿ ಭ್ರೂಣದ ಉಷ್ಣತೆಯ ಏರಿಕೆಯೇ, ಅದನ್ನು ಎಷ್ಟು ನಂಬಬಹುದು ಎಂದು ಕೇಳಿದ್ದೀರಿ. ಪ್ರೋಬ್‌ಗಳಿಂದ, ಅಂದರೆ ಸ್ಕ್ಯಾನಿಂಗ್‌ನಲ್ಲಿ ಮೈಗೆ ತಾಗಿಸುವ ಉಪಕರಣಗಳಿಂದ, ಹೊರಬೀಳುವ ಶ್ರವಣಾತೀತ ಧ್ವನಿಯನ್ನು (ಅಲ್ಟ್ರಾಸೌಂಡ್) ಅಳೆಯುವ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ. ಅದು ಉಷ್ಣಮಾಪಕದ ಅಂಕಿಯಲ್ಲ. ಅದಕ್ಕಾಗಿ ಯಂತ್ರ ದೇಹದೊಳಗಿನ ಏನನ್ನೂ ಅಳೆಯುತ್ತಿರುವುದಿಲ್ಲ.

ಟಿಐ, ಅಂದರೆ ಥರ್ಮಲ್ ಇಂಡೆಕ್ಸ್, ಒಂದು ಅನುಪಾತ. ಪ್ರೋಬ್ ಹೊರಸೂಸುವ ಧ್ವನಿಯ ಸಾಮರ್ಥ್ಯವನ್ನು (ಪವರ್), ಸರಳಗೊಳಿಸಿದ ಅಂಗಾಂಶ ಮಾದರಿಯೊಂದರಲ್ಲಿ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಸಾಮರ್ಥ್ಯದಿಂದ ಭಾಗಿಸಿದರೆ ಅದು ಸಿಗುತ್ತದೆ. ಟಿಐಬಿ ಎಂಬುದು ಧ್ವನಿ ಮೂಳೆಯ ಮೇಲೆ ಕೇಂದ್ರೀಕೃತವಾಗುವ ಸಂದರ್ಭದ ಸೂಚ್ಯಂಕ. ಧ್ವನಿಯು ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸಿಗೆ 0.3 ಡೆಸಿಬೆಲ್ ಕುಂದುತ್ತದೆ ಎಂದು ಈ ಲೆಕ್ಕ ಭಾವಿಸುತ್ತದೆ. ದಾರಿಯಲ್ಲಿ ತುಂಬಿದ ಮೂತ್ರಕೋಶವೋ ಗರ್ಭಜಲವೋ ಹೆಚ್ಚಾಗಿದ್ದರೆ ಧ್ವನಿ ಅಷ್ಟು ಕುಂದುವುದಿಲ್ಲವಾದ್ದರಿಂದ ಮೂಳೆಗೆ ತಲುಪುವ ಪಾಲು ಲೆಕ್ಕಕ್ಕಿಂತ ಹೆಚ್ಚಿರಬಹುದು. ತಾಯಿಯ ಜ್ವರವಾಗಲಿ, ಪ್ರೋಬ್ ತಾನೇ ಬಿಸಿಯಾಗುವುದಾಗಲಿ ಈ ಅಂಕಿಯಲ್ಲಿ ಸೇರಿಲ್ಲ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ಎರಡನೆಯದನ್ನು ಮರೆಯುವಂತಿಲ್ಲ.

ಇನ್ನು ಅಳತೆಯ ವಿಚಾರ. ತಯಾರಕರು ಪ್ರಯೋಗಾಲಯದಲ್ಲಿ ನೀರಿನೊಳಗೆ ಅಳೆದಿಟ್ಟ ಮೌಲ್ಯಗಳಿಂದ ಯಂತ್ರ ನಿಮ್ಮ ಸೆಟ್ಟಿಂಗ್‌ಗೆ ತಕ್ಕ ಅಂಕಿಯನ್ನು ಲೆಕ್ಕ ಹಾಕಿ ತೋರಿಸುತ್ತದೆ. ಆ ಅಳತೆಯಲ್ಲಿ ಧ್ವನಿಯನ್ನು ಅಕ್ಷರಶಃ ತೂಗುತ್ತಾರೆ: ಧ್ವನಿಯನ್ನು ಹೀರುವ ಫಲಕವನ್ನು ಸೂಕ್ಷ್ಮ ತಕ್ಕಡಿಗೆ ತೂಗುಹಾಕಿದರೆ, 1 ಮಿಲಿವಾಟ್ ಸಾಮರ್ಥ್ಯ ಅದರ ಮೇಲೆ ಸುಮಾರು 68 ಮೈಕ್ರೋಗ್ರಾಂ ತೂಕದಷ್ಟು ಒತ್ತುತ್ತದೆ. ಕೋಣೆಯ ಗಾಳಿ ಅಲುಗಿದರೂ, ನೀರಿನಲ್ಲಿ ಸಣ್ಣ ಗುಳ್ಳೆಯೊಂದು ಫಲಕಕ್ಕೆ ಅಂಟಿದರೂ ಅಂಕಿ ಕೆಡುವುದರಿಂದ ಕರಗಿದ ಅನಿಲವನ್ನು ತೆಗೆದ ನೀರನ್ನೇ ಬಳಸಬೇಕು. (ನನ್ನ ಅನೇಕ ಮಧ್ಯಾಹ್ನಗಳು ಗುಳ್ಳೆ ಹುಡುಕುವುದರಲ್ಲೇ ಕಳೆದಿವೆ.) ಧ್ವನಿಯ ಒತ್ತಡವನ್ನು ನೀರಿನೊಳಗೆ ಅಳೆಯುವ ಮೈಕ್ರೋಫೋನ್‌ನಂಥ ಹೈಡ್ರೋಫೋನ್‌ನ ತೊಂದರೆ ಬೇರೆ: ಅದರ ಸಂವೇದಕ ಧ್ವನಿ ಕಿರಣ ಕೇಂದ್ರೀಕೃತವಾಗುವ ಜಾಗಕ್ಕಿಂತ ದೊಡ್ಡದಿದ್ದರೆ ಶಿಖರದ ಒತ್ತಡ ಸರಾಸರಿಯಲ್ಲಿ ಕರಗಿಹೋಗುತ್ತದೆ. ತೀವ್ರತೆ ಒತ್ತಡದ ವರ್ಗಕ್ಕೆ ಅನುಪಾತದಲ್ಲಿರುವ ಕಾರಣ, ಒತ್ತಡವನ್ನು 10% ಕಡಿಮೆ ಅಳೆದರೆ ತೀವ್ರತೆ 19% ಕಡಿಮೆ ಬರುತ್ತದೆ.

ಆದ್ದರಿಂದ ಆ ಅಂಕಿಯ ದಶಮಾಂಶಕ್ಕೆ ಜೋತುಬೀಳಬೇಡಿ, ಅದು ಯಾವ ಮಟ್ಟದಲ್ಲಿದೆ ಎಂಬುದನ್ನು ನೋಡಿ. ಬ್ರಿಟಿಷ್ ಮೆಡಿಕಲ್ ಅಲ್ಟ್ರಾಸೌಂಡ್ ಸೊಸೈಟಿಯ ಮಾರ್ಗಸೂಚಿಯ ಪ್ರಕಾರ ಪ್ರಸೂತಿ ಸ್ಕ್ಯಾನಿಂಗ್‌ನಲ್ಲಿ ಟಿಐ 0.7ರವರೆಗೆ ಉಷ್ಣದ ದೃಷ್ಟಿಯಿಂದ ಕಾಲಮಿತಿಯಿಲ್ಲ, 1.0ರಿಂದ 1.5ರವರೆಗೆ 30 ನಿಮಿಷ, 2.5ರಿಂದ 3.0ರವರೆಗೆ ಕೇವಲ 1 ನಿಮಿಷ. ನಿಮ್ಮ 0.6 ನಿಜದಲ್ಲಿ ಎರಡರಷ್ಟಿದ್ದು 1.2 ಆಗಿದ್ದರೂ 30 ನಿಮಿಷದ ಅವಕಾಶ ಇದ್ದೇ ಇದೆ. ಭ್ರೂಣಕ್ಕೆ ಅಪಾಯಕರವಾಗಬಹುದೆಂದು ತಜ್ಞರು ಪರಿಗಣಿಸುವುದು ಉಷ್ಣತೆ 4 ಡಿಗ್ರಿಯಷ್ಟು ಏರಿ 5 ನಿಮಿಷ ಅಥವಾ ಹೆಚ್ಚು ಹೊತ್ತು ಹಾಗೆಯೇ ಉಳಿಯುವುದನ್ನು.

ಗಮನ ಕೊಡಬೇಕಾದ್ದು ರಕ್ತದ ಹರಿವನ್ನು ನೋಡುವ ಡಾಪ್ಲರ್ ಹಾಕಿದಾಗ. ಪಲ್ಸ್ಡ್ ಡಾಪ್ಲರ್‌ನಲ್ಲಿ ಕಿರಣ ಒಂದೇ ಜಾಗದಲ್ಲಿ ನಿಲ್ಲುವುದರಿಂದ ಟಿಐ ಸಾಮಾನ್ಯ ಚಿತ್ರಕ್ಕಿಂತ ಬಹಳ ಮೇಲೇರಬಹುದು. ಆಗ ಚಿತ್ರವನ್ನು ಫ್ರೀಜ್ ಮಾಡಿದರೆ ಧ್ವನಿಯೂ ನಿಲ್ಲುತ್ತದೆ, ಅಳತೆಯನ್ನು ನಿಂತ ಚಿತ್ರದ ಮೇಲೆಯೇ ನಿಧಾನವಾಗಿ ಮಾಡಬಹುದು.