ನಟ್ ತಿರುಗಿಸಿದರೆ ಚಕ್ರವೇ ತಿರುಗುತ್ತದೆಯೇ?

ಶಿರಾಡಿ ಘಾಟಿಯಲ್ಲಿ ಮುಂದಿನ ಟೈರ್ ಪಂಕ್ಚರ್ ಆಯಿತು, ಜಾಕ್ ಏರಿಸಿದ ಮೇಲೆ ನಟ್ ಜೊತೆ ಚಕ್ರವೂ ಸುತ್ತುತ್ತಿತ್ತು ಅಂತ ಬರೆದಿದ್ದೀರಿ. ಗಾಡಿಯದೇನೂ ತಪ್ಪಿಲ್ಲ ಸರ್, ಕ್ರಮ ಹಿಂದುಮುಂದಾಗಿದೆ ಅಷ್ಟೆ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅದಕ್ಕೇ ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಕೈಗೆ ಬಗ್ಗದಿದ್ದರೆ ಸ್ಪ್ಯಾನರ್ ಹಿಡಿಯನ್ನು ಕಾಲಲ್ಲಿ ಒತ್ತಿ. ಜಾಕ್ ಏರಿಸುವ ಮೊದಲೇ ಗೇರ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಇಳಿಜಾರಿನಲ್ಲಿ ಮಾತ್ರ ಜಾಕ್ ಬೇಡವೇ ಬೇಡ. ನಿಧಾನಕ್ಕೆ ಉರುಳಿಸಿಕೊಂಡು ಸಮತಟ್ಟು ಜಾಗಕ್ಕೆ ಹೋಗಿ. ಟೈರ್ ಹಾಳಾದರೂ ಪರವಾಗಿಲ್ಲ.

ಸ್ಟೆಪ್ನಿ ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಕೊನೆಯ ಬಿಗಿ ಚಕ್ರ ನೆಲ ಮುಟ್ಟಿದ ಮೇಲೆ. ಸುಮಾರು 50 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿ.

ಟ್ಯೂಬ್‌ಲೆಸ್‌ನಲ್ಲಿ ಮೊಳೆ ಕಂಡರೆ ಸುಮ್ನೆ ಕೀಳಬೇಡಿ, ಅದೇ ಗಾಳಿ ತಡೆದಿರುತ್ತದೆ.

ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟು ಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುತ್ತದೆ. ಸ್ಟೆಪ್ನಿಗೂ ಹಾಕಿಸಿ! ನನ್ನದು ಎರಡು ವರ್ಷ ಡಿಕ್ಕಿಯಲ್ಲೇ ಮಲಗಿತ್ತು, ಬೇಕಾದ ದಿನ ನೋಡಿದರೆ ಅದೂ ಮೆತ್ತಗೆ.